ಪದಚರ್ಚೆ: ತುಟ್ಟಿ ಪರಿಹಾರ ‘ತಡೆ’ಯೋ, ‘ರದ್ದೋ’?

ಮಡಿಕೇರಿಯಿಂದ:
ಸ್ವಲ್ಪ ಅವಸರ. ಮಾಜಿ ಸೈನಿಕರ ಸಭೆಗೆ ಒಂದು ಕರಪತ್ರ ಕನ್ನಡಕ್ಕೆ ತರಬೇಕು, ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಕೋವಿಡ್ ಕಾರಣ ಕೊಟ್ಟು ಪಿಂಚಣಿದಾರರ ತುಟ್ಟಿ ಪರಿಹಾರವನ್ನು, ಅಂದರೆ ಬೆಲೆ ಏರಿದಂತೆ ಪಿಂಚಣಿಯ ಮೇಲೆ ಕೊಡುವ ಹಣವನ್ನು, ಇದ್ದ ದರದಲ್ಲೇ ‘ಫ್ರೀಜ್’ ಮಾಡಿತಲ್ಲ, ಆ ಫ್ರೀಜ್‌ಗೆ ಏನು ಬರೆಯಲಿ? ‘ತಡೆಹಿಡಿದರು’ ಎಂದರೆ ಮುಂದೆ ಕೈಗೆ ಬರುತ್ತದೆ ಎಂದೇ ಓದುವವರು ತಿಳಿಯುತ್ತಾರೆ. ಹಾಗೆ ಆಗಲಿಲ್ಲ. ಶೇ 17ರಲ್ಲೇ ನಿಂತಿದ್ದ ದರ 2021ರ ಜುಲೈನಲ್ಲಿ ಒಂದೇ ಸಲ ಶೇ 28 ಆಯಿತು. ನಿಲ್ಲಿಸಿದ್ದ ಏರಿಕೆಯ ಮೂರು ಕಂತೂ ದರಕ್ಕೆ ಸೇರಿದವು, ಆದರೆ ನಡುವಿನ 18 ತಿಂಗಳ ಏರಿಕೆಯ ಹಣ ಬರಲೇ ಇಲ್ಲ. ಹಾಗಂತ ‘ರದ್ದು’ ಅಂದರೆ ಅದೂ ಸುಳ್ಳು, ಅಲ್ವಾ?
ಇನ್ನೊಂದು: ಸರ್ಕಾರ ಖರ್ಚಿಗೆ ಕತ್ತರಿ ಹಾಕುವ ‘ಆಸ್ಟೆರಿಟಿ’ಗೆ ‘ಮಿತವ್ಯಯ’ ಸಾಕೇ?

ಸೋಮವಾರಪೇಟೆಯಿಂದ:
‘ಸ್ಥಗಿತ’. ಇದಕ್ಕೆಲ್ಲ ಚರ್ಚೆ ಯಾಕೆ?

ವಿರಾಜಪೇಟೆಯಿಂದ:
ಸ್ಥಗಿತ ಸಂಸ್ಕೃತ, ರದ್ದು ಅರಬ್ಬಿ. ಕನ್ನಡದ್ದೇ ‘ನಿಲುಗಡೆ’ ಇರುವಾಗ ಸಾಲ ಯಾಕೆ? ‘ತುಟ್ಟಿ ಪರಿಹಾರ’ವನ್ನೂ ‘ಬೆಲೆಯೇರಿಕೆ ನೆರವು’ ಮಾಡಿ. ತುಟ್ಟಿ ಹುಬ್ಬಳ್ಳಿ ಕಡೆಯ ಮಾತು. ನಮ್ಮ ಸಂತೆಯಲ್ಲಿ ಯಾರು ಅನ್ನುತ್ತಾರೆ?

ಕುಶಾಲನಗರದಿಂದ:
ನಿಲುಗಡೆ ಅಂದರೆ ಜನಕ್ಕೆ ಬಸ್ಸು ನೆನಪಾಗುತ್ತದೆ. ತುಟ್ಟಿಯನ್ನು ಮುಟ್ಟಬೇಡಿ, ಪಿಂಚಣಿ ಕಾಗದದಲ್ಲಿ ಅದೇ ಇರುವುದು. ‘ದುಬಾರಿ’ ಅಂತ ತಿದ್ದಿದರೆ ದುಬಾರೆ ಆನೆಗಳ ಭತ್ಯೆ ಅಂದುಕೊಂಡಾರು.
‘ಮಿತವ್ಯಯ’ ಮಾತ್ರ ಖಂಡಿತ ಬೇಡ. ಅದು ಒಳ್ಳೆಯ ಗುಣದ ಹೆಸರು, ಸರ್ಕಾರ ಎರಡು ಲೋಟ ಕಾಫಿ ಬದಲು ಒಂದೇ ಕುಡಿದ ಹಾಗಿರುತ್ತದೆ. ಇಲ್ಲಿ ಕಡಿದದ್ದು ಇನ್ನೊಬ್ಬರ ಹಣವನ್ನು. ಅದೇ 2020ರ ಅಕ್ಟೋಬರ್‌ನಲ್ಲಿ ನೌಕರರಿಗೆ 10,000 ರೂಪಾಯಿ ಬಡ್ಡಿಯಿಲ್ಲದ ಹಬ್ಬದ ಮುಂಗಡ ಘೋಷಿಸಿ, ಹೋಗಿ ಖರ್ಚು ಮಾಡಿ, ಮಾರುಕಟ್ಟೆ ಎದ್ದೇಳಲಿ ಎಂದರು. ಖರ್ಚು ಹೆಚ್ಚಲಿ ಎನ್ನುವವರೇ ಪಿಂಚಣಿದಾರನ ಕೈ ಕಟ್ಟಿದರು. ಅವನು ಆ ದುಡ್ಡನ್ನು ಔಷಧಿ ಅಂಗಡಿಗೆ, ದಿನಸಿ ಅಂಗಡಿಗೆ ತಾನೇ ಕೊಡುತ್ತಿದ್ದದ್ದು? ‘ವೆಚ್ಚ ಕಡಿತ’ ಎಂದು ನೇರ ಬರೆಯಿರಿ.

ಪೊನ್ನಂಪೇಟೆಯಿಂದ:
ನಾನೂ ಪಿಂಚಣಿ ತೆಗೆದುಕೊಳ್ಳುವ ಮಾಜಿ ಸೈನಿಕ. ನಮಗೆ ‘ತುಟ್ಟಿ ಪರಿಹಾರ’ ಆದದ್ದು ನೌಕರರಿಗೆ ‘ತುಟ್ಟಿ ಭತ್ಯೆ’; ಆ ‘ಭತ್ಯೆ’ಯ ಬೇರನ್ನು ಯಾರೂ ಕೆದಕಲಿಲ್ಲವಲ್ಲ! ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಸಂಬಳದ ಮೇಲೆ ಕೊಡುತ್ತಿದ್ದ ಹಣಕ್ಕೆ ‘ಬಟ್ಟಾ’ ಎನ್ನುತ್ತಿದ್ದರು. ಅದು ನಮ್ಮ ಭತ್ತವೇ ಎಂದು ನಾನು ನಂಬಿದ್ದೇನೆ. 1766ರಲ್ಲಿ ಕಂಪನಿಯ ಗವರ್ನರ್ ಕ್ಲೈವ್ ಇಮ್ಮಡಿ ಬಟ್ಟಾ ನಿಲ್ಲಿಸಿದಾಗ ಬಂಗಾಳದ ಬಿಳಿ ಅಧಿಕಾರಿಗಳು ಒಟ್ಟಾಗಿ ರಾಜೀನಾಮೆಗೆ ಹೊರಟರು. 1828ರಲ್ಲಿ ಬರ್ಮಾ ಯುದ್ಧದ ಖರ್ಚಿನಿಂದ ಕಂಪನಿಯ ಖಜಾನೆ ಸೊರಗಿತ್ತು, ಗವರ್ನರ್ ಜನರಲ್ ಬೆಂಟಿಂಕ್ ಅರ್ಧ ಬಟ್ಟಾ ಆದೇಶ ತಂದ. 1834ರಲ್ಲಿ ಕೊಡಗು ಕಂಪನಿಗೆ ಸೇರಿದ್ದೂ ಇದೇ ಬೆಂಟಿಂಕ್ ಕಾಲದಲ್ಲಿ. ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಭತ್ಯೆಗೇ.

ಸೋಮವಾರಪೇಟೆಯಿಂದ:
ಕರಪತ್ರ ನಾಳೆಗೆ, 1828ಕ್ಕಲ್ಲ. ‘ಭತ್ತ’ ಸಂಸ್ಕೃತದ ‘ಭಕ್ತ’ದಿಂದ ಬಂದದ್ದು, ಅನ್ನ ಅಂತ ಅರ್ಥ. ಸುಮ್ನೆ ನಮ್ಮದೇ ಅನ್ನಬೇಡಿ.

ವಿರಾಜಪೇಟೆಯಿಂದ:
ಎಲ್ಲವೂ ಸಂಸ್ಕೃತದಿಂದ ಅನ್ನುವವರ ಜೊತೆ ಮಾತಾಡಿ ಫಲವಿಲ್ಲ. ಪಿಂಚಣಿ ಇಂಗ್ಲಿಷು, ಖಜಾನೆ ಅರಬ್ಬಿ, ಭತ್ಯೆ ಸಂಸ್ಕೃತ. ಕನ್ನಡ ಎಲ್ಲಿ ಉಳಿಯಿತು?

ಕುಶಾಲನಗರದಿಂದ:
‘ಎಲ್ಲಿ ಉಳಿಯಿತು’ ಎಂದು ಕೇಳಿದಿರಲ್ಲ, ಅಲ್ಲೇ ಉಳಿದಿದೆ. ‘ವಿಶ್ರಾಂತಿ ವೇತನ’ ಎಂದು ಬೋರ್ಡು ಹಾಕಿದರೂ ಅಜ್ಜಿ ಬ್ಯಾಂಕಿನಲ್ಲಿ ಪಿಂಚಣಿ ಬಂತಾ ಅಂತಲೇ ಕೇಳುತ್ತಾಳೆ.

ಮಡಿಕೇರಿಯಿಂದ:
ಅಚ್ಚಿಗೆ ಹೀಗೆ ಕೊಟ್ಟೆ: “ವೆಚ್ಚ ಕಡಿತದ ಹೆಸರಿನಲ್ಲಿ ತುಟ್ಟಿ ಪರಿಹಾರದ ಏರಿಕೆ ನಿಲ್ಲಿಸಿದರು. ಆಮೇಲೆ ದರ ಏರಿಸಿದರು, 18 ತಿಂಗಳ ಹಿಂಬಾಕಿ ಕೊಡಲಿಲ್ಲ.” ಎಲ್ಲರಿಗೂ ಧನ್ಯವಾದ.

ವಿರಾಜಪೇಟೆಯಿಂದ:
‘ಬಾಕಿ’ಯೂ ಅರಬ್ಬಿ.