ಹಳೆ ಎಸಿಯಿಂದ ಬಿಸಿನೀರು: ಯಾವ ಪೈಪು, ಯಾವ ವಾಲ್ವ್?

ಕೊಪ್ಪದ_ಬಚ್ಚಲೊಲೆ
ನಮ್ಮದು ಕೊಪ್ಪದ ಹತ್ತಿರ ತೋಟದ ಮನೆ. ಮಳೆಗಾಲದಲ್ಲಿ ಸೋಲಾರ್ ಹೆಸರಿಗೆ ಮಾತ್ರ, ಹಂಡೆ ಒಲೆಗೆ ಒಣ ಸೌದೆ ಹೊಂದಿಸುವುದೇ ದೊಡ್ಡ ಕೆಲಸ. ತಮ್ಮನ ಮನೆಯಲ್ಲಿ ಬಿಚ್ಚಿಟ್ಟ ಒಂದೂವರೆ ಟನ್ ಸ್ಪ್ಲಿಟ್ ಎಸಿ ಇದೆ. ಆರ್22 ಗ್ಯಾಸಿನದು, ಕಂಪ್ರೆಸರ್ ಚೆನ್ನಾಗಿದೆ. ಅದರ ಹೊರಗಿನ ಯೂನಿಟ್ಟಿನಿಂದ 300 ಲೀಟರ್ ನೀರು ಕಾಯಿಸುವ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುವ ಮಿಷನ್) ಮಾಡಬೇಕು ಅಂತಿದ್ದೇನೆ. ಪ್ಲಂಬಿಂಗ್ ಅಂಗಡಿಯ ಕಾಪರ್ ಪೈಪ್ ಆಗುತ್ತಾ? ಗ್ಯಾಸಿನ ಒತ್ತಡ ಇಳಿಸುವ ಸಣ್ಣ ಕೊಳವೆ ಇದೆಯಲ್ಲ, ಆ ಹಳೆ ಕ್ಯಾಪಿಲರಿಯೇ ಸಾಕಾ? ಟ್ಯಾಂಕಿನೊಳಗೆ ಕಾಪರ್ ಸುರುಳಿ ಇಳಿಸಲಾ, ಹೊರಗೆ ಕೂರಿಸಿ ತಗಡುಗಳ ಮೂಲಕ ಗ್ಯಾಸಿನ ಶಾಖ ನೀರಿಗೆ ದಾಟಿಸುವ ಪ್ಲೇಟ್ ಎಕ್ಸ್‌ಚೇಂಜರ್ ತಗೊಳ್ಳಲಾ? ಗ್ಯಾಸ್ ಆರ್410ಎಗೆ ಬದಲಿಸಿ ಅಂತ ಒಬ್ಬರು ಹೇಳಿದರು.

ಗೇಜ್_ಮೀಟರ್_ಹಾಸನ
ಆ ಆರ್410ಎ ಮಾತು ಮೊದಲು ಬಿಟ್ಟುಬಿಡಿ. 50 ಡಿಗ್ರಿ ನೀರು ಬೇಕು ಅಂದರೆ ಗ್ಯಾಸ್ 55ರ ಆಸುಪಾಸಿನಲ್ಲಿ ದ್ರವವಾಗಬೇಕು. ಆ ಬಿಸಿಯಲ್ಲಿ ಆರ್22 ಒತ್ತಡ ಸುಮಾರು 300 ಪಿಎಸ್‌ಐ. ಆರ್410ಎ ಆದರೆ 480ರ ಹತ್ತಿರ. ನಿಮ್ಮ ಕಂಪ್ರೆಸರ್ ಅದಕ್ಕಲ್ಲ, ಒಳಗಿನ ಎಣ್ಣೆಯೂ ಹೊಂದುವುದಿಲ್ಲ. ಆರ್134ಎ ಹಾಕಿದರೆ ಒತ್ತಡ 200ಕ್ಕೆ ಇಳಿಯುತ್ತದೆ ನಿಜ, ಆದರೆ ಶಕ್ತಿ ಮೂರನೇ ಒಂದು ಭಾಗ ಹೋಯಿತು, ಎಣ್ಣೆಯನ್ನೂ ಬದಲಿಸಬೇಕು. ಇರುವ ಆರ್22 ಅನ್ನೇ ಉಳಿಸಿಕೊಳ್ಳಿ. ಬಿಚ್ಚುವಾಗ ಗಾಳಿಗೆ ಬಿಡಬೇಡಿ, ರಿಕವರಿ ಸಿಲಿಂಡರಿಗೆ ಎಳೆಸಿಕೊಳ್ಳಿ. 2030ರ ಹೊತ್ತಿಗೆ ಆ ಗ್ಯಾಸ್ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಪೈಪು ಎಸಿ ಅಂಗಡಿಯದೇ ಆಗಬೇಕು. ಒಳಗೆ ತೊಳೆದು, ಒಣಗಿಸಿ, ಎರಡೂ ತುದಿಗೆ ಮುಚ್ಚಳ ಹಾಕಿ ಕೊಡುತ್ತಾರೆ. ಅಳತೆ ಹೊರವ್ಯಾಸದ್ದು, ಪೈಪಿನ ತುದಿ ಅಗಲಿಸಿ (ಅದೇ ಫ್ಲೇರ್) ಬಿಗಿಯುವ ಫ್ಲೇರ್ ನಟ್ ಕೂಡ ಅದಕ್ಕೇ ಕೂರುವುದು. ಸಕ್ಷನ್ನಿಗೆ (ಗ್ಯಾಸ್ ಕಂಪ್ರೆಸರಿಗೆ ವಾಪಸ್ ಬರುವ ಪೈಪು) ಅರ್ಧ ಇಂಚು, ಡಿಸ್ಚಾರ್ಜಿಗೂ (ಬಿಸಿ ಗ್ಯಾಸ್ ಹೊರಡುವ ಪೈಪು) ಲಿಕ್ವಿಡ್ ಲೈನಿಗೂ (ದ್ರವ ಹೋಗುವ ಪೈಪು) 3/8. 22 ಗೇಜಿಗಿಂತ ತೆಳ್ಳಗಿನದು ಎಷ್ಟೇ ಅಗ್ಗ ಸಿಕ್ಕಿದರೂ ಬೇಡ. ಫ್ಲೇರ್ ಮಾಡುವಾಗ ಅಂಚು ಸೀಳುತ್ತದೆ.

ದುಡ್ಡು ಹಾಕಬೇಕಾದ್ದು ಎಕ್ಸ್‌ಪಾನ್ಷನ್ ವಾಲ್ವಿಗೆ. ಕ್ಯಾಪಿಲರಿ ಒಂದೇ ಸ್ಥಿತಿಗೆ ಅಳೆದು ಕತ್ತರಿಸಿದ್ದು. ನಿಮ್ಮ ನೀರು 20 ಡಿಗ್ರಿಯಿಂದ ಶುರುವಾಗಿ 50ಕ್ಕೆ ಏರುತ್ತದೆ. ತಣ್ಣೀರಿದ್ದಾಗ ಒತ್ತಡ ಸಾಲದೆ ಗಾಳಿಯ ಶಾಖ ಹೀರುವ ಕಾಯಿಲ್ ಗ್ಯಾಸ್ ಸಾಲದೆ ಹಸಿದಿರುತ್ತದೆ. ಕಾದ ಮೇಲೆ ಜಾಸ್ತಿ ನುಗ್ಗಿ ದ್ರವವೇ ಕಂಪ್ರೆಸರಿಗೆ ವಾಪಸ್ ಬರುತ್ತದೆ. ಆರ್22ರದೇ, ಒಂದೂವರೆ ಟನ್ನಿನದೇ ಟಿಎಕ್ಸ್‌ವಿ (ಶಾಖ ನೋಡಿ ತಾನೇ ಹಿಗ್ಗಿ ಕುಗ್ಗುವ ಎಕ್ಸ್‌ಪಾನ್ಷನ್ ವಾಲ್ವ್) ಹಾಕಿ. ಎಕ್ಸ್‌ಚೇಂಜರಿಗೂ ವಾಲ್ವಿಗೂ ನಡುವೆ ಸಣ್ಣ ರಿಸೀವರ್ (ದ್ರವ ನಿಲ್ಲುವ ಡಬ್ಬಿ), ಆಮೇಲೆ ಹೊಸ ಡ್ರೈಯರ್ (ತೇವ ಹೀರುವುದು).

ಟ್ಯಾಂಕಿನೊಳಗೆ ಸುರುಳಿ ನನಗಿಷ್ಟವಿಲ್ಲ. ತೂತು ಬಿದ್ದರೆ ಎಣ್ಣೆಯೂ ಗ್ಯಾಸೂ ಸ್ನಾನದ ನೀರಿಗೇ ಸೇರುತ್ತವೆ, ಗೊತ್ತೂ ಆಗುವುದಿಲ್ಲ. ಪ್ಲೇಟಿನದೂ ಒಂದೇ ಗೋಡೆ, ಆದರೆ ಹೊರಗಿರುವುದರಿಂದ ಬಿಚ್ಚಿ ಪರೀಕ್ಷಿಸಬಹುದು, ಆಸಿಡ್ ಹಾಕಿ ತೊಳೆಯಬಹುದು. ಬಿಸಿ ಗ್ಯಾಸ್ ಮೇಲಿಂದ ಒಳಗೆ, ದ್ರವ ಕೆಳಗಿಂದ ಹೊರಗೆ. ನೀರು ಅದಕ್ಕೆ ಎದುರಾಗಿ ಕೆಳಗಿಂದ ಮೇಲಕ್ಕೆ. 6 ಕಿಲೋವ್ಯಾಟ್ ಶಾಖಕ್ಕೆ ನಿಮಿಷಕ್ಕೆ 17 ಲೀಟರ್ ಓಡಿದರೆ ಒಂದು ಸುತ್ತಿಗೆ 5 ಡಿಗ್ರಿ ಏರುತ್ತದೆ. ನೀರು ಒಳಬರುವಲ್ಲಿ ಜಾಲರಿ ಫಿಲ್ಟರ್ ಇರಲಿ.

ಇನ್ನು ಬ್ರೇಸಿಂಗ್, ಅಂದರೆ ಪೈಪು ಕಾಯಿಸಿ ಬೆಸೆಯುವುದು. ಪೈಪಿನೊಳಗೆ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು. ನಂಬಿಕೆ ಇಲ್ಲದಿದ್ದರೆ ನೈಟ್ರೋಜನ್ ಇಲ್ಲದೆ ಮಾಡಿದ ಒಂದು ಬೆಂಡ್ ಅನ್ನು ಉದ್ದಕ್ಕೆ ಕೊಯ್ದು ನೋಡಿ. ಒಳಗೆಲ್ಲ ಕರಿ ಪೊರೆ, ಉಗುರು ತಾಗಿಸಿದರೆ ಹಪ್ಪಳದ ಹಾಗೆ ಏಳುತ್ತದೆ. ಅದೇ ಹೋಗಿ ವಾಲ್ವಿನ ಜಾಲರಿಯಲ್ಲಿ ಕೂರುವುದು. ಕಾಪರ್‌ಗೆ ಕಾಪರ್ ಆದರೆ ಫಾಸ್ಫರಸ್ ಕಡ್ಡಿ, ಫ್ಲಕ್ಸ್ ಬೇಡ. ಹಿತ್ತಾಳೆ ಬಂದರೆ ಬೆಳ್ಳಿ ಕಡ್ಡಿ, ಫ್ಲಕ್ಸ್ ಎರಡೂ ಬೇಕು. ಲೀಕ್ ಟೆಸ್ಟಿಗೆ ಆಕ್ಸಿಜನ್ ಸಿಲಿಂಡರ್ ಹಚ್ಚುವ ಮಹಾಶಯರೂ ಇದ್ದಾರೆ. ಎಣ್ಣೆ ಇರುವ ಕಂಪ್ರೆಸರಿಗೆ ಆಕ್ಸಿಜನ್ ಕೊಟ್ಟರೆ ಸಿಡಿಯುತ್ತದೆ. ನೈಟ್ರೋಜನ್ನೇ ಆಗಬೇಕು, ಆಮೇಲೆ ಪಂಪಿನಿಂದ ಒಳಗಿನ ಗಾಳಿ ತೇವ ಎಳೆದು 500 ಮೈಕ್ರಾನ್‌ವರೆಗೆ (ಇಲ್ಲಿ ಒತ್ತಡದ ಅಳತೆ) ವ್ಯಾಕ್ಯೂಮ್.

ಒತ್ತಡ ಮೀರಿದರೆ ಮಿಷನ್ ನಿಲ್ಲಿಸುವ ಹೈ ಪ್ರೆಶರ್ ಕಟೌಟ್, ನೀರು ಹರಿಯದಿದ್ದರೆ ನಿಲ್ಲಿಸುವ ಫ್ಲೋ ಸ್ವಿಚ್ ಇವೆರಡೂ ಇಲ್ಲದೆ ಸ್ವಿಚ್ ಒತ್ತಬೇಡಿ. ನೀರಿನ ಪಂಪ್ ನಿಂತರೆ ಒತ್ತಡ ನೋಡನೋಡುತ್ತಲೇ ಏರುತ್ತದೆ.

ಸುಮ್ನೆ_ಓದುಗ
ಇಷ್ಟೆಲ್ಲ ಯಾಕೆ ಸ್ವಾಮಿ, ರೆಡಿಮೇಡ್ ಸಿಗುತ್ತಲ್ವಾ?

ಗೇಜ್_ಮೀಟರ್_ಹಾಸನ
ಸಿಗುತ್ತದೆ. ನೈಟ್ರೋಜನ್, ವ್ಯಾಕ್ಯೂಮ್ ಪಂಪ್, ಗೇಜ್ ಎಲ್ಲಾ ಹೊಸದಾಗಿ ಕೊಳ್ಳುವವರು ಅದನ್ನೇ ತಗೊಳ್ಳಲಿ. ಇವರು ಪರಿಚಯದ ಮೆಕ್ಯಾನಿಕ್‌ನನ್ನು ಒಂದು ದಿನ ಕೂರಿಸಿಕೊಂಡರೆ ನಡೆಯುತ್ತದೆ.

ಕೊಪ್ಪದ_ಬಚ್ಚಲೊಲೆ
ತುಂಬಾ ಉಪಕಾರ. ಮೆಕ್ಯಾನಿಕ್ ಇದ್ದಾನೆ, ಟಿಎಕ್ಸ್‌ವಿ ಮಾತ್ರ ಅವನಿಗೆ ಹೊಸದು. ಅದರ ಶಾಖ ತಿಳಿಯುವ ಬಲ್ಬ್ ಎಲ್ಲಿ ಕಟ್ಟಬೇಕು? ಕರೆಂಟು ಬಂದು ಬಂದು ಹೋಗುತ್ತದೆ, ವೋಲ್ಟೇಜೂ ಕಮ್ಮಿ. ತೊಂದರೆ ಆಗುತ್ತಾ?

ಗೇಜ್_ಮೀಟರ್_ಹಾಸನ
ಬಲ್ಬ್ ಸಕ್ಷನ್ ಪೈಪಿನ ಮಲಗಿದ ಭಾಗಕ್ಕೆ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ 10 ಅಥವಾ 2ರ ಜಾಗ, ಅಡಿಗೆ ಬೇಡ, ಅಲ್ಲಿ ಎಣ್ಣೆ ಹರಿಯುತ್ತದೆ. ಪೈಪ್ ಉಜ್ಜಿ ಹೊಳೆಯಿಸಿ, ಕಾಪರ್ ಪಟ್ಟಿಯಿಂದ ಬಿಗಿದು, ಮೇಲೆ ಇನ್ಸುಲೇಷನ್ ಸುತ್ತಿ.

ಕರೆಂಟಿನ ಪ್ರಶ್ನೆ ಸರಿಯಾಗಿ ಕೇಳಿದಿರಿ. ಕ್ಯಾಪಿಲರಿ ಇದ್ದಾಗ ಮಿಷನ್ ನಿಂತ ಮೇಲೆ ಎರಡೂ ಕಡೆ ಒತ್ತಡ ತಾನೇ ಸಮ ಆಗುತ್ತದೆ. ಟಿಎಕ್ಸ್‌ವಿ ಮುಚ್ಚಿಕೊಂಡು ಕೂರುತ್ತದೆ. ಸಿಂಗಲ್ ಫೇಸ್ ಕಂಪ್ರೆಸರಿಗೆ ಆ ಒತ್ತಡದ ಎದುರು ಏಳುವ ಶಕ್ತಿ ಇರುವುದಿಲ್ಲ, ಗುಂಯ್ ಅಂದು ಓವರ್‌ಲೋಡ್ ಬೀಳುತ್ತದೆ. ಕಮ್ಮಿ ವೋಲ್ಟೇಜಿನಲ್ಲಂತೂ ಖಂಡಿತ. ಬ್ಲೀಡ್ (ಮುಚ್ಚಿದಾಗಲೂ ಒತ್ತಡ ನಿಧಾನಕ್ಕೆ ದಾಟುವ ಸಣ್ಣ ದಾರಿ) ಇರುವ ಟಿಎಕ್ಸ್‌ವಿ ಕೇಳಿ ತರಿಸಿ. ಸಿಗದಿದ್ದರೆ ಸ್ಟಾರ್ಟ್ ಕೆಪಾಸಿಟರ್ ಮತ್ತು ರಿಲೇ. ಎರಡರಲ್ಲಿ ಯಾವುದನ್ನು ಹಾಕಿದರೂ 5 ನಿಮಿಷದ ಡಿಲೇ ಟೈಮರ್, ಸ್ಟೆಬಿಲೈಸರ್ ಎರಡೂ ಬೇಕೇ ಬೇಕು.