ಆಕಾಶ ಖಾಲಿ ಅಂತ ಯಾರು ಹೇಳಿದ್ದು?

ಪ್ರಜ್ವಲ್: ಎಲ್ಲರೂ ಈ ವಿಡಿಯೋ ನೋಡಿ! ನವಿ ಮುಂಬೈ ಏರ್‌ಪೋರ್ಟಿಂದ ನರಿಮನ್ ಪಾಯಿಂಟಿಗೆ ಬ್ಯಾಟರಿಯಲ್ಲಿ ಹಾರುವ ಟ್ಯಾಕ್ಸಿ. ಸುಮ್ನೆ ಪರ್ಮಿಶನ್ ಕೊಡದೆ ಕೂತಿದ್ದಾರೆ. ಮೇಲೆ ಆಕಾಶ ಖಾಲಿ ಬಿದ್ದಿದೆ, ಅಲ್ವಾ?

ಸದಾನಂದ ದೊಡ್ಡಪ್ಪ: ಖಾಲಿ ಇಲ್ಲ ಮಗಾ. ಮೂವತ್ತು ವರ್ಷ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಆಗಿದ್ದವನು ಹೇಳುತ್ತಿದ್ದೇನೆ. ಮುಂಬೈಯಲ್ಲಿ ಎರಡು ರನ್‌ವೇ ಇದ್ದರೂ ಒಂದನ್ನೊಂದು ಅಡ್ಡ ಹಾಯುತ್ತವೆ, ಅದಕ್ಕೇ ಒಂದು ಹೊತ್ತಿಗೆ ಒಂದೇ ಬಳಸುವುದು, ಅದರಲ್ಲೇ ದಿನಕ್ಕೆ 900ಕ್ಕೂ ಜಾಸ್ತಿ ವಿಮಾನ ಹತ್ತಿಸಿ ಇಳಿಸಬೇಕು. ಪಕ್ಕದ ಜುಹುವಿನಿಂದ ಸಮುದ್ರದಲ್ಲಿರುವ ಬಾಂಬೆ ಹೈ ತೈಲಬಾವಿಗಳಿಗೆ ಹೆಲಿಕಾಪ್ಟರ್. ಈಗ ನವಿ ಮುಂಬೈ ಬೇರೆ.

ಪ್ರಜ್ವಲ್: ಟ್ಯಾಕ್ಸಿ ಹಾರುವುದು 300 ಮೀಟರ್ ಎತ್ತರದಲ್ಲಿ. ವಿಮಾನ ಎಷ್ಟೋ ಮೇಲೆ.

ಸದಾನಂದ ದೊಡ್ಡಪ್ಪ: ಇಳಿಯುವ ವಿಮಾನ? ಘಾಟ್ಕೋಪರ್‌ನಲ್ಲಿ ನಿನ್ನ ಅತ್ತೆ ಮನೆ ಟೆರೇಸ್ ಮೇಲೆ ನಿಂತು ನೋಡು. ಅಲ್ಲಿ ಅದಕ್ಕಿಂತ ಕೆಳಗೇ ಬರುತ್ತೆ.

ವಾಸಂತಿ ಅತ್ತೆ: ಹೌದು, ಚಕ್ರ ಕಾಣುತ್ತೆ.

ಶೈಲಜಾ ಅಕ್ಕ: ಡೊಂಬಿವಲಿ ಲೋಕಲ್‌ನಲ್ಲಿ ಬಾಗಿಲಿಗೆ ಜೋತು ಬೀಳುವ ನಮಗೆ ಇದರಿಂದ ಏನು ಬಂತು? ಮೊದಲು ಟ್ರೈನ್ ಜಾಸ್ತಿ ಬಿಡಲಿ.

ಪ್ರಜ್ವಲ್: ಅಕ್ಕಾ, ಒಬ್ಬರ ಹೃದಯ ಇನ್ನೊಬ್ಬರಿಗೆ ಜೋಡಿಸಲು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯಬೇಕಾದರೆ? ಅದಕ್ಕಾದರೂ ಬೇಡವಾ? ದೊಡ್ಡಪ್ಪ ಎಲ್ಲಕ್ಕೂ ಬೇಡ ಅಂತಲೇ ಹೇಳುತ್ತಾರೆ.

ಸದಾನಂದ ದೊಡ್ಡಪ್ಪ: ಬೇಡ ಅಂತ ನಾನೆಲ್ಲಿ ಹೇಳಿದೆ? 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತರು. ಆಗ ದೆಹಲಿಗೆ ಬರುವುದಕ್ಕೂ ಹೋಗುವುದಕ್ಕೂ ಒಂದೇ ದಾರಿ. ದಾರಿ ಬೇರೆ ಮಾಡಿದ್ದು, ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯ ಮಾಡಿದ್ದು, ಎಲ್ಲ ಆಮೇಲೆ. ಆ ವಾರ ನಮ್ಮಲ್ಲಿ ಯಾರಿಗೂ ಊಟ ಸೇರಲಿಲ್ಲ. 2025ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಸೇನೆಯ ಹೆಲಿಕಾಪ್ಟರ್ ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 67 ಜನ ಹೋದರು. ಹೆಲಿಕಾಪ್ಟರ್ ದಾರಿಗೆ 200 ಅಡಿ ಮಿತಿ ಇತ್ತು, ಅದು ಮೇಲೆ ಹೋಗಿತ್ತು. ತಾನು ಎಲ್ಲಿದ್ದೇನೆ ಅಂತ ಸುತ್ತಲಿನವರಿಗೆ ತಿಳಿಸುವ ಸಿಗ್ನಲ್ ಕೂಡ ಅದರಿಂದ ಬರುತ್ತಿರಲಿಲ್ಲ. ಎರಡನ್ನೂ ನೋಡುತ್ತಿದ್ದದ್ದು ಒಬ್ಬನೇ ಕಂಟ್ರೋಲರ್.

ಪ್ರಜ್ವಲ್: ಹಾಗಾದರೆ ಏನು ಮಾಡಬೇಕು?

ಸದಾನಂದ ದೊಡ್ಡಪ್ಪ: ನಾವು ಒಬ್ಬೊಬ್ಬ ಪೈಲಟ್ ಜೊತೆ ಬಾಯಲ್ಲಿ ಮಾತಾಡಿ ದಾರಿ ಬಿಡಿಸುತ್ತೇವೆ. ನೂರಾರು ಡ್ರೋನ್, ಟ್ಯಾಕ್ಸಿ ಬಂದರೆ ಅದು ಆಗದ ಕೆಲಸ. ಪ್ರತಿಯೊಂದೂ ಹಾರುವ ಮೊದಲೇ ದಾರಿ, ಎತ್ತರ, ಹೊತ್ತು ತಿಳಿಸಬೇಕು. ಕಂಪ್ಯೂಟರ್ ಒಂದಕ್ಕೊಂದು ತಗಲದ ಹಾಗೆ ಜಾಗ ಹಂಚಬೇಕು. ಹಾರುತ್ತಿರುವಾಗ ಎಲ್ಲವೂ ಎಲ್ಲರಿಗೂ ಕಾಣಬೇಕು. ನಮ್ಮ ಸರ್ಕಾರ ಡ್ರೋನ್‌ಗಳಿಗಾಗಿ ಇಂಥ ವ್ಯವಸ್ಥೆಯ ನೀತಿಯನ್ನು 2021ರಲ್ಲೇ ಹೊರಡಿಸಿದೆ. ಅದನ್ನು ಪೂರ್ತಿ ಕಟ್ಟಿದ ಮೇಲೆ ಟ್ಯಾಕ್ಸಿ ಹಾರಲಿ. ಮೊದಲ ಸೀಟು ನನಗೇ ಇಡು.

ಪ್ರಜ್ವಲ್: ಅದನ್ನೇ ಬೇಗ ಕಟ್ಟಲಿ ಅಂತ ನಾನೂ ಹೇಳುತ್ತಿರುವುದು. ನೀತಿ ಬಂದು ಎಷ್ಟು ವರ್ಷ ಆಯಿತು?

ಸದಾನಂದ ದೊಡ್ಡಪ್ಪ: ಆ ಮಾತು ಒಪ್ಪಿದೆ. ತಡವಾಗಿದೆ, ಅದು ತಪ್ಪೇ. ಅಂದಹಾಗೆ, ಭಾನುವಾರ ಘಾಟ್ಕೋಪರ್‌ನಲ್ಲಿ ನಿಶ್ಚಿತಾರ್ಥಕ್ಕೆ ಡ್ರೋನ್ ಹಾರಿಸುತ್ತೇನೆ ಅಂದಿದ್ದೆ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡಿದೆಯಾ?

ಪ್ರಜ್ವಲ್: ಈಗ ನೋಡಿದೆ. ಅಲ್ಲಿ ಹಸಿರು ಇಲ್ಲ, ಅಂದರೆ ಪರ್ಮಿಶನ್ ಇಲ್ಲದೆ ಹಾರಿಸುವ ಹಾಗಿಲ್ಲ.

ವಾಸಂತಿ ಅತ್ತೆ: ಡ್ರೋನ್ ಮನೆಯಲ್ಲೇ ಇಟ್ಟು ಬಾ ಮಾರಾಯಾ. ಟೆರೇಸ್ ಬೀಗದ ಕೈ ನನ್ನ ಹತ್ತಿರ ಇದೆ, ಫೋಟೋದವರನ್ನು ಅಲ್ಲಿಗೇ ಹತ್ತಿಸೋಣ.