ಪದಚರ್ಚೆ: ಗಿದೊರ ‘ಬಂದನೋ’, ‘ಬಂದಿತೋ’?

ಗೆಳೆಯರೇ,

1964ರ ಒಂದು ಜಪಾನಿ ಸಿನಿಮಾ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತೋಹೊ ಕಂಪನಿಯ ಚಿತ್ರ, ಇಶಿರೊ ಹೋಂಡಾ ನಿರ್ದೇಶನ. ಮೂರು ತಲೆ, ಎರಡು ಬಾಲ, ಚಿನ್ನದ ಬಣ್ಣದ ಕಿಂಗ್ ಗಿದೊರ ಮೊದಲ ಸಲ ತೆರೆಗೆ ಬಂದದ್ದು ಇದರಲ್ಲೇ. ಉಲ್ಕೆಯೊಳಗೆ ಅಡಗಿ ಭೂಮಿಗೆ ಬರುತ್ತದೆ, ಬಾಯಿಂದ ಮಿಂಚು ಉಗುಳುತ್ತದೆ. ಕೊನೆಗೆ ಗಾಡ್ಜಿಲಾ, ರೋಡಾನ್, ಮೋತ್ರಾ ಅನ್ನುವ ಇಂಥವೇ ಮೂರು ಭಾರೀ ಜೀವಿಗಳು ಸೇರಿ ಓಡಿಸುತ್ತವೆ.

ಜಪಾನಿನವರು ಇಂಥದ್ದಕ್ಕೆ ‘ಕೈಜೂ’ ಅನ್ನುತ್ತಾರೆ. ವಿಚಿತ್ರ ಮೃಗ ಅಂತ ಅರ್ಥ. ಬಾಹ್ಯಾಕಾಶದಿಂದ ಬಂದದ್ದಾದರೆ ‘ಉಚೂ ಕೈಜೂ’. ಗಿದೊರನಿಗೆ ರೆಕ್ಕೆಗಳಿವೆ, ಕೈಗಳಿಲ್ಲ. ಕೈಯಿಲ್ಲದ ಕೈಜೂ ಅಂತ ಬರೆದರೆ ಓದುಗರು ನಗುತ್ತಾರೋ ಏನೋ.

ನಮ್ಮ ಪತ್ರಿಕೆಗಳಲ್ಲಾದರೆ ಸುಮ್ನೆ ‘ರಾಕ್ಷಸ’ ಅಂದುಬಿಡುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ರಾಕ್ಷಸ ಅಂದರೆ ತಪಸ್ಸು ಮಾಡಿ ವರ ಪಡೆದವನು, ಹಗೆ ಸಾಧಿಸುವವನು, ಬಣ್ಣದ ವೇಷದಲ್ಲಿ ರಂಗಕ್ಕೆ ಬಂದು ಅಬ್ಬರಿಸುವವನು. ಅವನಿಗೊಂದು ಮನೆತನ, ಒಂದು ಮಾತು ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅವನು ‘ಅವನು’. ಜಪಾನಿ ಕ್ರಿಯಾಪದದಲ್ಲಿ ಲಿಂಗ ಕಾಣುವುದಿಲ್ಲ, ಅವರಿಗೆ ಆರಾಮ. ನಾವು ಪ್ರತಿ ವಾಕ್ಯದ ಕೊನೆಗೂ ‘ಬಂದನು’, ‘ಬಂದಿತು’ ಎರಡರಲ್ಲಿ ಒಂದನ್ನು ಆರಿಸಲೇಬೇಕು.

ಈ ಚಿತ್ರದಲ್ಲೇ ಇದು ಜಾಸ್ತಿ ಸಿಕ್ಕಾಗುತ್ತದೆ. ಗಿದೊರನ ವಿರುದ್ಧ ಕಾದಾಡಲು ಬನ್ನಿ ಅಂತ ಮೋತ್ರಾ ಮಿಕ್ಕ ಇಬ್ಬರನ್ನು ಕರೆಯುವ ದೃಶ್ಯ ಇದೆಯಲ್ಲ, ಅಲ್ಲಿ ಮೂರೂ ಮಾತಾಡುತ್ತವೆ. ಪುಟಾಣಿ ಅವಳಿ ಹೆಣ್ಣುಮಕ್ಕಳು ಆ ಮಾತನ್ನು ಮನುಷ್ಯರಿಗೆ ದಾಟಿಸುತ್ತಾರೆ. ಮನುಷ್ಯರು ನಮ್ಮನ್ನು ಯಾವಾಗಲೂ ಕಾಡಿದವರು, ಅವರನ್ನು ಯಾಕೆ ಕಾಪಾಡಬೇಕು ಅಂತ ಗಾಡ್ಜಿಲಾದ ತಕರಾರು! (‘ಮಿಕ್ಕ ಇಬ್ಬರನ್ನು’ ಅಂತ ಬರೆದು, ಮುಂದಿನ ಉಸಿರಲ್ಲೇ ‘ಮೂರೂ’ ಅಂದೆ, ನೋಡಿ.) ಆದರೂ ‘ನರಿ ಹೇಳಿತು’ ಅನ್ನುವ ಭಾಷೆ ನಮ್ಮದು. ಮಾತಾಡಿದ ಮಾತ್ರಕ್ಕೆ ‘ಅವನು’ ಆಗಬೇಕಿಲ್ಲ. ಹಾಗಾಗಿ ಎಲ್ಲಕ್ಕೂ ‘ಅದು’ ಸಾಕು ಅನ್ನುವುದು ನನ್ನ ಒಲವು. ಆಗ ‘ಪೆಡಂಭೂತ’ ಚೆನ್ನಾಗಿ ಕೂರುತ್ತದೆ. ‘ದೈತ್ಯಮೃಗ’ ಅಂದರೆ ಮೋತ್ರಾಗೆ ಹೊಂದುವುದಿಲ್ಲ, ಅದು ಪತಂಗದ ಮರಿಹುಳು.

‘ಖಳನಾಯಕ’ ಪದವೂ ಹೀಗೇ ಜಾರುತ್ತದೆ. 1965ರ ಮುಂದಿನ ಚಿತ್ರದಲ್ಲಿ ಗಿದೊರ ಎಕ್ಸ್ ಗ್ರಹದವರ ಹಿಡಿತದಲ್ಲಿದೆ. ಅವರು ಅದನ್ನು ಹೆಸರಿನಿಂದ ಕರೆಯುವುದೂ ಇಲ್ಲ, ನಂಬರಿನಿಂದ ಕರೆಯುತ್ತಾರೆ: ಸೊನ್ನೆ. ಅಲ್ಲಿ ಖಳರು ಅವರೇ, ಗಿದೊರ ಅವರ ಆಯುಧ. ಆದರೆ 1964ರದರಲ್ಲಿ ಗಿದೊರನನ್ನು ಆಡಿಸುವವರು ಯಾರೂ ಇಲ್ಲ, ಅದು ಒಂದು ಮಾತೂ ಆಡುವುದಿಲ್ಲ. ಖಳ ಅನ್ನಲು ಒಂದು ಕೆಟ್ಟ ಉದ್ದೇಶವಾದರೂ ಬೇಕು, ಅಲ್ವಾ?

ಹೆಸರು ಬರೆಯುವುದರಲ್ಲಿ ಮಾತ್ರ ನಮಗೆ ಅನುಕೂಲ. ಜಪಾನಿಯಲ್ಲಿ ‘ಗಿದೊರ’, ‘ಗೊಜಿರ’ (ಅಂದರೆ ಗಾಡ್ಜಿಲಾ) ಎರಡರಲ್ಲೂ ಒ ಹ್ರಸ್ವ. ಹಿಂದಿ ಬರಹದಲ್ಲಿ ಅದಕ್ಕೆ ಜಾಗವಿಲ್ಲ, ಕನ್ನಡದಲ್ಲಿದೆ. ಆದರೆ ಮೋತ್ರಾ ಅಲ್ಲಿ ‘ಮೊಸುರ’. ಅದನ್ನು ಹಾಗೇ ಬರೆದರೆ ಮೊಸರು ಅಂತ ಓದಿಕೊಂಡಾರು, ಅದಕ್ಕೇ ಬಿಟ್ಟೆ.

1964ರ ಚಿತ್ರದ ಇಂಗ್ಲಿಷ್ ಡಬ್ಬಿಂಗ್ ನಂಬಿ ಬರೆಯುವವರಿಗೆ ಒಂದು ಎಚ್ಚರಿಕೆ. ಗಿದೊರ ಹಿಂದೆ ಹಾಳುಮಾಡಿದ್ದು ಮಂಗಳ ಗ್ರಹವನ್ನು ಅಂತ ಅದರಲ್ಲಿದೆ. ಜಪಾನಿ ಮೂಲದಲ್ಲಿ ಅದು ಶುಕ್ರ. ಅಸುರರ ಗುರುವಿನ ಗ್ರಹಕ್ಕೇ ಕೈಹಾಕಿದ ಮೇಲೆ ಗಿದೊರನನ್ನು ಅಸುರ ಅನ್ನುವುದು ಇನ್ನೂ ಕಷ್ಟ.

ನನ್ನ ಪ್ರಶ್ನೆ ಎರಡು. ‘ಪೆಡಂಭೂತ’ ನಿಮ್ಮ ಕಡೆ ಈಗಲೂ ಜೀವಿಗೆ ಬಳಕೆಯಲ್ಲಿದೆಯೇ, ಇಲ್ಲಾ ‘ಸಮಸ್ಯೆ ಪೆಡಂಭೂತವಾಗಿದೆ’ ಅನ್ನುವಷ್ಟಕ್ಕೇ ಉಳಿದಿದೆಯೇ? ಕೆಟ್ಟ ಉದ್ದೇಶವಿಲ್ಲದೆ ಸುಮ್ಮನೆ ಹಾಳುಮಾಡುತ್ತಾ ಹೋಗುವ ಜೀವಿಗೆ ನಿಮ್ಮ ಆಡುಮಾತಿನಲ್ಲಿ ಬೇರೆ ಪದ ಇದೆಯೇ? ಇನ್ನೊಂದು ಮಾತು: ‘ಗಿದೊರನನ್ನು’, ‘ಗಿದೊರವನ್ನು’ ಎರಡರಲ್ಲಿ ನಿಮಗೆ ಯಾವುದು ಸರಿ ಕೇಳಿಸುತ್ತದೆ ಅಂತಲೂ ಬರೆಯಿರಿ. ‘ಅದು’ ಅನ್ನುತ್ತಲೇ ನಾನು ಪೂರ್ತಿ ‘ಗಿದೊರನನ್ನು’ ಅಂತಲೇ ಬರೆದಿದ್ದೇನೆ, ‘ಗಿದೊರವನ್ನು’ ಬಾಯಿಗೇ ಬರುತ್ತಿಲ್ಲ.